ಬೋಲ್ಟ್ ಹಾಕಿದ ಮೇಲೂ ವೈರ್ ಯಾಕೆ?

ತಾರಸಿಯಲ್ಲಿ ಸೋಲಾರ್ ಪ್ಯಾನಲ್ ಕೂರಿಸುವಾಗ ಎರಡು ಅಲ್ಯೂಮಿನಿಯಂ ರೈಲುಗಳನ್ನು ಬೋಲ್ಟ್ ಹಾಕಿ ಜೋಡಿಸಿದರು. ಆಮೇಲೆ ಆ ಜೋಡಣೆಯ ಮೇಲೆ ಒಂದು ತುಂಡು ವೈರನ್ನೂ ಕಟ್ಟಿದರು. ಲೋಹಕ್ಕೆ ಲೋಹ ತಾಗಿಯೇ ಇದೆಯಲ್ಲ, ಮತ್ತೆ ವೈರ್ ಯಾಕೆ?

ಅಲ್ಲಿ ತಾಗಿರುವುದು ಲೋಹವಲ್ಲ, ಅದರ ಮೇಲಿನ ಪದರ. ಮಳೆಗಾಳಿಗೆ ಹಾಳಾಗದಿರಲೆಂದು ರೈಲಿಗೆ ಕಾರ್ಖಾನೆಯಲ್ಲೇ ಅನೋಡೈಸಿಂಗ್ ಮಾಡಿರುತ್ತಾರೆ. ಸಾಮಾನ್ಯವಾಗಿ 10ರಿಂದ 25 ಮೈಕ್ರಾನ್ ದಪ್ಪದ ಆ ಆಕ್ಸೈಡ್ ಪದರ ಕರೆಂಟ್ ಹರಿಯಲು ಬಿಡುವುದಿಲ್ಲ. ಮೋಟಾರ್ ವೈಂಡಿಂಗ್ ತಂತಿಯೂ ಹೀಗೆಯೇ: ನೋಡಲು ಬರೀ ತಾಮ್ರ, ಆದರೆ ಮೇಲಿನ ಎನಾಮಲ್ ಕೆರೆಯದೆ ಜೋಡಿಸಿದರೆ ಪ್ರಯೋಜನವಿಲ್ಲ.

ಇನ್ನೊಂದು ತೊಡಕು ಬಿಸಿಲಿನದು. 10 ಮೀಟರ್ ರೈಲು 40 ಡಿಗ್ರಿ ಬಿಸಿಯೇರಿದರೆ ಸುಮಾರು 9 ಮಿಲಿಮೀಟರ್ ಉದ್ದವಾಗುತ್ತದೆ. ಅದಕ್ಕೇ ಉದ್ದನೆಯ ಸಾಲುಗಳಲ್ಲಿ ನಡುವೆ ಸಂದು ಬಿಡುತ್ತಾರೆ, ವೈರನ್ನೂ ತುಸು ಸಡಿಲವಾಗಿಯೇ ಕಟ್ಟುತ್ತಾರೆ.

ಒಂದು ರೈಲಿನಿಂದ ಇನ್ನೊಂದಕ್ಕೆ ಅರ್ಥಿಂಗ್ ದಾಟಿಸುವುದೇ ಈ ವೈರಿನ ಕೆಲಸ. ಅದು ಇಲ್ಲದಿದ್ದರೆ? ಪ್ಯಾನಲ್‌ನ ಕೇಬಲ್ ಎಲ್ಲೋ ಚೂಪು ಅಂಚಿಗೆ ಉಜ್ಜಿ ಸಿಪ್ಪೆ ಸುಲಿಯಿತೆನ್ನಿ. ಸಾಲಾಗಿ ಜೋಡಿಸಿದ ಪ್ಯಾನಲ್‌ಗಳಲ್ಲಿ ನೂರಾರು ವೋಲ್ಟ್ ಇರುತ್ತದೆ. ಅರ್ಥಿಂಗ್ ತಲುಪದ ರೈಲು ಆಗ ಸದ್ದಿಲ್ಲದೆ ಜೀವಂತ ತಂತಿಯಾಗುತ್ತದೆ. ಪ್ಯಾನಲ್ ತೊಳೆಯಲು ಹೋದವರ ಒದ್ದೆ ಕೈ ಮೊದಲು ತಾಗುವುದು ಅದಕ್ಕೇ. ಅರ್ಥಿಂಗ್ ಇದ್ದರೆ ಸೋರಿಕೆ ನೆಲಕ್ಕೆ ಇಳಿಯುತ್ತದೆ, ಇನ್ವರ್ಟರ್ ದೋಷವನ್ನು ಗುರುತಿಸುತ್ತದೆ.

ವೈರ್ ಕಟ್ಟಿದರಷ್ಟೇ ಸಾಲದು, ಅದರ ತುದಿಯನ್ನು ಬಗ್ಗಿ ನೋಡಿ. ಪದರವನ್ನು ಕಚ್ಚಿ ಒಳಗಿಳಿಯುವ ಹಲ್ಲಿನ ವಾಷರ್ ಇರಬೇಕು, ಲಗ್‌ಗೆ ತವರದ ಲೇಪ ಇರಬೇಕು. ಬರೀ ತಾಮ್ರವನ್ನು ಅಲ್ಯೂಮಿನಿಯಂಗೆ ಬಿಗಿದರೆ ಮಳೆನೀರು ಸೇರಿ ಅಲ್ಯೂಮಿನಿಯಂ ಸವೆಯುತ್ತದೆ. ಪದರ ಕಚ್ಚುವ ಹಲ್ಲಿರುವ ಜೋಡಣೆ ಪಟ್ಟಿಗಳೂ ಸಿಗುತ್ತವೆ; ಅರ್ಥಿಂಗ್‌ಗೂ ಅದೇ ಸಾಕೆಂದು ತಯಾರಕರು ಹೇಳಿದ್ದರೆ ಮಾತ್ರ ವೈರ್ ಬಿಡಬಹುದು.