ಚಕ್ರದ ನಟ್ ಹಟ ಹಿಡಿದರೆ...

ದಾಂಡೇಲಿ-ಜೋಯಿಡಾ ಕಾಡುದಾರಿಯಲ್ಲಿ ಕಾರು ಪಂಕ್ಚರ್ ಆಯ್ತು ಅಂತಿಟ್ಟುಕೊಳ್ಳಿ. ಸ್ಟೆಪ್ನಿ ಇದೆ, ಜಾಕ್ ಇದೆ. ಆದರೆ ಚಕ್ರದ ನಟ್ ಮಾತ್ರ ಜಪ್ಪಯ್ಯ ಅಂದರೂ ಕದಲೋದಿಲ್ಲ! ಹಳಿಯಾಳ, ಮುಂಡಗೋಡ ಪೇಟೆಯಲ್ಲಾದರೆ ಪಂಕ್ಚರ್ ಅಂಗಡಿಯವರನ್ನು ಕರೆಯಬಹುದು. ಮೊಬೈಲ್ ಸಿಗ್ನಲ್ಲೇ ಇಲ್ಲದ ಕಾಡಿನಲ್ಲಿ ಯಾರನ್ನು ಕರೆಯೋಣ?

ಮಳೆಗೆ ನಟ್ ತುಕ್ಕು ಹಿಡಿಯುತ್ತದೆ. ಟೈರ್ ಅಂಗಡಿಯಲ್ಲಿ ಏರ್ ಗನ್‌ನಿಂದ ಅತಿಯಾಗಿ ಬಿಗಿ ಮಾಡಿದ್ದರೂ ಇದೇ ಪಾಡು. ಆಗ ಹೀಗೆ ಮಾಡಿ:

* ಹ್ಯಾಂಡ್ ಬ್ರೇಕ್ ಹಾಕಿ, ಬೇರೆ ಚಕ್ರಕ್ಕೆ ಕಲ್ಲು ಕೊಡಿ. ಜಾಕ್ ಏರಿಸುವ ಮೊದಲೇ, ಚಕ್ರ ನೆಲದ ಮೇಲಿರುವಾಗಲೇ ನಟ್ ಸಡಿಲಿಸಿ. ಎತ್ತಿದ ಮೇಲೆ ಜಗ್ಗಾಡಿದರೆ ಕಾರು ಜಾಕ್‌ನಿಂದ ಜಾರೀತು, ಜೋಕೆ!

* ತುಕ್ಕು ಬಿಡಿಸುವ ಸ್ಪ್ರೇ ಹೊಡೆದು 15 ನಿಮಿಷ ಬಿಡಿ. ಬ್ರೇಕ್‌ಗೆ ತಾಗದಿರಲಿ.

* ಸ್ಪಾನರ್ ಹಿಡಿಗೆ ಉದ್ದದ ಕಬ್ಬಿಣದ ಪೈಪ್ ತೊಡಿಸಿ, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ನಿಧಾನಕ್ಕೆ ಒತ್ತಿ. ಹಿಡಿ ಉದ್ದವಾದಷ್ಟೂ ಕಡಿಮೆ ಬಲ ಸಾಕು.

* ಸ್ಪಾನರ್ ಜಾರುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಮೂಲೆ ಸವೆದ ನಟ್‌ಗೆ ಮೆಕ್ಯಾನಿಕ್ ಬಿಗಿಯಾದ ಸಾಕೆಟ್ ಬಡಿದು ಕೂರಿಸಿ ತೆಗೆಯುತ್ತಾರೆ. ಆಮೇಲೆ ಹೊಸ ನಟ್ ಹಾಕಿಸಿ.

ಎಲ್ಲಕ್ಕಿಂತ ಮೇಲು, ಪ್ರವಾಸಕ್ಕೆ ಮುಂಚೆ ಮನೆ ಮುಂದೆಯೇ ಒಂದೊಂದೇ ನಟ್ ಸಡಿಲಿಸಿ, ಮತ್ತೆ ಬಿಗಿ ಮಾಡಿ ನೋಡುವುದು. ಮನೆಯಲ್ಲಿ ನಿಮ್ಮ ಕೈಗೆ ಬಗ್ಗದ ನಟ್ ಕಾಡಿನಲ್ಲಿ ಬಗ್ಗೀತೇ?