ಸಮುದ್ರ ಸಾಗಣೆ ಮತ್ತು ವಿದೇಶ ವ್ಯಾಪಾರ: ಬೆಂಗಳೂರಿನ ಸಣ್ಣ ರಫ್ತುದಾರರ ಗಮನಕ್ಕೆ

ಪೀಠಿಕೆ

ಜಗತ್ತಿನ ಸರಕು ವ್ಯಾಪಾರದ ಪರಿಮಾಣದಲ್ಲಿ ಶೇಕಡ 80ಕ್ಕೂ ಹೆಚ್ಚು ಭಾಗವು ಸಮುದ್ರ ಮಾರ್ಗವಾಗಿ ಸಾಗುತ್ತದೆ. ಭಾರತದ ವಿದೇಶ ವ್ಯಾಪಾರದಲ್ಲಿ ಇದು ಪರಿಮಾಣದ ಲೆಕ್ಕದಲ್ಲಿ ಸುಮಾರು ಶೇಕಡ 95, ಮೌಲ್ಯದ ಲೆಕ್ಕದಲ್ಲಿ ಸುಮಾರು ಶೇಕಡ 70 ಆಗಿರುತ್ತದೆ. ಒಂದೇ ಹಡಗು ಸಾವಿರಾರು ಕಂಟೈನರುಗಳನ್ನು ಒಯ್ಯುವುದರಿಂದ ಸಾಗಣೆ ವೆಚ್ಚವು ಹಂಚಿಹೋಗುತ್ತದೆ. ಆದುದರಿಂದಲೇ ಕುಮಾರ ಪಾರ್ಕ್, ಚಾಮರಾಜಪೇಟೆಯಂತಹ ಬಡಾವಣೆಗಳ ಸಣ್ಣ ಉದ್ಯಮಿಗಳೂ ಅಗರಬತ್ತಿ, ಸಿದ್ಧ ಉಡುಪು ಮುಂತಾದವುಗಳನ್ನು ದೂರದೇಶಗಳಿಗೆ ಕಳುಹಿಸಲು ಸಾಧ್ಯವಾಗಿದೆ.

ಸರಕು ಬಂದರನ್ನು ತಲುಪುವ ಬಗೆ

ಬೆಂಗಳೂರಿಗೆ ಕಡಲತೀರವಿಲ್ಲ. ಈ ಕೊರತೆಯನ್ನು ನೀಗಿಸಲು ದೇಶದ ಮೊದಲ ಒಳನಾಡು ಕಂಟೈನರ್ ಡಿಪೋವನ್ನು 1981ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಲಾಯಿತು. ಈಗ ವೈಟ್‌ಫೀಲ್ಡ್‌ನಲ್ಲಿರುವ ಡಿಪೋದಲ್ಲಿಯೇ ಸುಂಕ ಇಲಾಖೆಯ ತಪಾಸಣೆ ಮುಗಿದು, ಮೊಹರಾದ ಕಂಟೈನರುಗಳು ರೈಲಿನ ಮೂಲಕ ಚೆನ್ನೈ ಬಂದರಿಗೆ ತೆರಳುತ್ತವೆ. ರಾಜ್ಯದ ಪ್ರಮುಖ ಬಂದರಾದ ಪಣಂಬೂರಿನ ನವಮಂಗಳೂರು ಬಂದರಿನಿಂದ ಕಾಫಿ ಮೊದಲಾದ ಸರಕುಗಳು ರಫ್ತಾಗುತ್ತವೆ. ಕಂಟೈನರ್ ತುಂಬುವಷ್ಟು ಸರಕು ಇಲ್ಲದವರು ಇತರರ ಸರಕಿನೊಡನೆ ಸೇರಿಸಿ ಕಳುಹಿಸಬಹುದು.

ಅವಶ್ಯವಾದ ದಾಖಲೆಗಳು

1. ಆಮದು-ರಫ್ತು ಸಂಕೇತ ಸಂಖ್ಯೆ: ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರಗಳನ್ನು ದೃಢೀಕರಿಸತಕ್ಕದ್ದು.

2. ಷಿಪ್ಪಿಂಗ್ ಬಿಲ್: ರಫ್ತುದಾರರು ಸುಂಕ ಇಲಾಖೆಗೆ ಸಲ್ಲಿಸುವ ಘೋಷಣೆ.

3. ಬಿಲ್ ಆಫ್ ಲೇಡಿಂಗ್: ಹಡಗು ಕಂಪನಿಯು ರಫ್ತುದಾರರಿಗೆ ನೀಡುವ ಪತ್ರ.

ಕೊನೆಯ ಎರಡನ್ನು ಒಂದೇ ಎಂದು ಭಾವಿಸಬಾರದು.

ವಿಶೇಷ ಸೂಚನೆ

ಬಿಲ್ ಆಫ್ ಲೇಡಿಂಗ್ ಸರಕು ಸ್ವೀಕರಿಸಿದ ರಸೀದಿಯೂ, ಸಾಗಣೆ ಕರಾರಿನ ಸಾಕ್ಷ್ಯವೂ, ಸರಕಿನ ಹಕ್ಕುಪತ್ರವೂ ಆಗಿರುತ್ತದೆ. ಈ ಕುರಿತ 1856ರ ಕಾಯ್ದೆಯ ಸ್ಥಾನದಲ್ಲಿ 2025ರಲ್ಲಿ ಹೊಸ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿದೆ. ಸಾಮಾನ್ಯವಾಗಿ ಮೂರು ಮೂಲ ಪ್ರತಿಗಳನ್ನು ನೀಡಲಾಗುತ್ತದೆ. ಯಾವುದಾದರೂ ಒಂದನ್ನು ಹಾಜರುಪಡಿಸಿದವರಿಗೆ ಸರಕು ದೊರೆಯಬಹುದು. ಹಣ ಕೈಸೇರುವ ಮುನ್ನ ಒಂದು ಮೂಲ ಪ್ರತಿಯನ್ನು ಖರೀದಿದಾರರಿಗೆ ನೇರವಾಗಿ ಕಳುಹಿಸಿದರೂ ಸರಕಿನ ಮೇಲಿನ ಹಿಡಿತ ತಪ್ಪಿಹೋಗುತ್ತದೆ. ಆದ್ದರಿಂದ ಎಲ್ಲ ಮೂಲ ಪ್ರತಿಗಳನ್ನೂ ಬ್ಯಾಂಕಿನ ಮೂಲಕವೇ ಕಳುಹಿಸುವುದು ಕ್ಷೇಮ. ಸರಕಿಗೆ ಹಾನಿಯಾದಲ್ಲಿ ಹಡಗು ಕಂಪನಿಯ ಹೊಣೆಯು ಕಾನೂನಿನ ಮಿತಿಗೆ ಒಳಪಟ್ಟಿರುವುದರಿಂದ, ಸಾಗಣೆ ವಿಮೆಯನ್ನು ಪ್ರತ್ಯೇಕವಾಗಿ ಮಾಡಿಸಿಕೊಳ್ಳಲು ಸಲಹೆ ನೀಡಲಾಗಿದೆ.