ಬೆನ್ನು ಬಾಗಿದರೂ ಬದುಕು ಸಾಗಲಿ
(ಆರೋಗ್ಯ ಮಾಹಿತಿ – ಸಂಘದ ಸಭೆಯಲ್ಲಿ ಓದಿ ಚರ್ಚಿಸಲು)



ಸಂಘದ ಸಭೆಯಲ್ಲಿ ಸ್ವಲ್ಪ ಗಮನಿಸಿ ನೋಡಿ. ಚಾಪೆ ಮೇಲೆ ಕೂತ ಹದಿನೈದು ಇಪ್ಪತ್ತು ಜನರಲ್ಲಿ ಯಾರೋ ಒಬ್ಬರು ಯಾವಾಗಲೂ ಗೋಡೆ ಹುಡುಕಿಕೊಂಡು ಒರಗಿ ಕೂರುತ್ತಾರೆ. ಅರ್ಧ ಗಂಟೆ ಆಗುವಷ್ಟರಲ್ಲಿ ಎದ್ದು ನಿಲ್ಲುತ್ತಾರೆ. "ಯಾಕಕ್ಕ?" ಅಂದರೆ "ಏನಿಲ್ಲ ಬಿಡು, ಸೊಂಟ" ಅಂತಾರೆ. ಸೊಂಟ ನೋವಿಗೆ ಕಾರಣ ಹಲವು. ಅದರಲ್ಲಿ ಒಂದನ್ನು ಈ ಸಲ ತಿಳಿದುಕೊಳ್ಳೋಣ. ಅದು ಬೆನ್ನುಮೂಳೆ ಪಕ್ಕಕ್ಕೆ ಬಾಗುವುದು. ವೈದ್ಯರು ಇದನ್ನು ಸ್ಕೋಲಿಯೋಸಿಸ್ ಎನ್ನುತ್ತಾರೆ.

ಏನಿದು?

ಹಿಂದಿನಿಂದ ನೋಡಿದರೆ ಬೆನ್ನುಮೂಳೆ ಗಾರೆಯವರು ನೂಲುಗುಂಡು ಬಿಟ್ಟ ಹಾಗೆ ನೇರವಾಗಿರಬೇಕು. ಕೆಲವರಲ್ಲಿ ಅದು ಕುಡುಗೋಲಿನ ಹಾಗೆ ಒಂದು ಪಕ್ಕಕ್ಕೆ, ಇಲ್ಲವೇ ಹಾವು ಹರಿದ ಹಾಗೆ ಎರಡೂ ಪಕ್ಕಕ್ಕೆ ಬಾಗಿರುತ್ತದೆ. ಜೊತೆಗೆ ಸ್ವಲ್ಪ ತಿರುಚಿಕೊಂಡೂ ಇರುತ್ತದೆ. ಅದರಿಂದ ಒಂದು ಭುಜ ಮೇಲೆ, ಒಂದು ಕೆಳಗೆ. ಒಂದು ಕಡೆ ಪಕ್ಕೆಲುಬು ಉಬ್ಬಿದ ಹಾಗೆ ಕಾಣುತ್ತದೆ. ಎಷ್ಟು ಸರಿಯಾಗಿ ಉಟ್ಟರೂ ಸೀರೆಯ ಅಂಚು ಒಂದು ಕಡೆ ಏರಿರುತ್ತದೆ. ಎಕ್ಸ್‌ರೇಯಲ್ಲಿ ಅಳೆದಾಗ ಬಾಗು 10 ಡಿಗ್ರಿ ಅಥವಾ ಹೆಚ್ಚು ಇದ್ದರೆ ಸ್ಕೋಲಿಯೋಸಿಸ್ ಎಂದು ಹೆಸರಿಡುತ್ತಾರೆ.

ನೂರರಲ್ಲಿ ಸುಮಾರು 80 ಜನರಿಗೆ ಇದು ಯಾಕೆ ಬಂತು ಎಂದು ವೈದ್ಯರಿಗೂ ಹೇಳಲಾಗುವುದಿಲ್ಲ. ಉಳಿದವರಲ್ಲಿ ಹುಟ್ಟಿನಿಂದ ಬಂದದ್ದು, ಪೋಲಿಯೋ ಮುಂತಾದ ಕಾಯಿಲೆಯಿಂದ ಬಂದದ್ದು, ವಯಸ್ಸಾದ ಮೇಲೆ ಬೆನ್ನುಮೂಳೆ ಸವೆದು ಬಂದದ್ದು ಇರುತ್ತವೆ. ಒಂದಂತೂ ಖಂಡಿತ: ತಾಯಿ ಬಸುರಿಯಲ್ಲಿ ಗ್ರಹಣ ನೋಡಿದ್ದರಿಂದ, ಯಾರದೋ ಶಾಪದಿಂದ, ಹಿಂದಿನವರ ಪಾಪದಿಂದ ಬೆನ್ನು ಬಾಗುವುದಿಲ್ಲ. ಸೊಟ್ಟಗೆ ಕೂತಿದ್ದರಿಂದ, ಶಾಲೆಯ ಚೀಲ ಹೊತ್ತಿದ್ದರಿಂದಲೂ ಬರುವುದಿಲ್ಲ. ಆದ್ದರಿಂದ ಹೆತ್ತವಳನ್ನೂ ದೂರಬೇಡಿ, ಮಗುವನ್ನೂ ಬಯ್ಯಬೇಡಿ.

ಹೆಣ್ಣುಮಕ್ಕಳ ಬೆನ್ನು ನೋಡಿ

ಇದು ಹೆಚ್ಚಾಗಿ ಕಾಣಿಸಿಕೊಳ್ಳುವುದು 10ರಿಂದ 16 ವರ್ಷದೊಳಗೆ, ಮಕ್ಕಳು ಸರಸರನೆ ಎತ್ತರ ಬೆಳೆಯುವಾಗ. ಬಾಗು ಜಾಸ್ತಿಯಾಗುತ್ತಾ ಹೋಗುವುದು ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಆ ವಯಸ್ಸಿನಲ್ಲಿ ಸಾಮಾನ್ಯವಾಗಿ ಅಷ್ಟೇನೂ ನೋವಿರುವುದಿಲ್ಲ. ಮೈ ಮುಚ್ಚಿಕೊಳ್ಳುವ ವಯಸ್ಸು ಬೇರೆ, ಹಾಗಾಗಿ ತಾಯಿಯ ಕಣ್ಣಿಗೂ ಬೀಳುವುದಿಲ್ಲ. ಬಿದ್ದರೂ "ನಾಳೆ ಗಂಡು ನೋಡೋಕೆ ಬರುವವರಿಗೆ ಗೊತ್ತಾದರೆ?" ಎಂದು ಮುಚ್ಚಿಡುವವರಿದ್ದಾರೆ. ಇದು ದೊಡ್ಡ ನಷ್ಟ. ಯಾಕೆಂದರೆ ಪಟ್ಟಿ ಕಟ್ಟಿ ಬಾಗನ್ನು ತಡೆಯಲು ಸಾಧ್ಯವಿರುವುದು ಮೂಳೆ ಬೆಳೆಯುತ್ತಿರುವಾಗ ಮಾತ್ರ. ಆ ನಾಲ್ಕೈದು ವರ್ಷ ಕಳೆದರೆ ಹೋಯಿತು.

ಮನೆಯಲ್ಲೇ ನೋಡುವ ವಿಧಾನ: ಮಗಳು ಎರಡೂ ಪಾದ ಜೋಡಿಸಿ, ಮಂಡಿ ಮಡಿಸದೆ, ಅಂಗೈ ಸೇರಿಸಿ ಮುಂದಕ್ಕೆ ಬಗ್ಗಲಿ. ನೀವು ಹಿಂದೆ ಕೂತು ಬೆನ್ನನ್ನು ನೋಡಿ. ಒಂದು ಕಡೆ ಬೆನ್ನು ಉಬ್ಬಿಕೊಂಡು, ಇನ್ನೊಂದು ಕಡೆ ತಗ್ಗಾಗಿ ಕಂಡರೆ ವೈದ್ಯರಿಗೆ ತೋರಿಸಿ. ಶಾಲೆ ಮತ್ತು ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೂ ಹೇಳಬಹುದು.

ಬೆಳೆಯುವ ಮಕ್ಕಳಲ್ಲಿ ಬಾಗು ಸುಮಾರು 25ರಿಂದ 40 ಡಿಗ್ರಿ ಇದ್ದರೆ ಗಟ್ಟಿ ಪಟ್ಟಿ (ಬ್ರೇಸ್) ಹಾಕಿಸುತ್ತಾರೆ. ಅಮೆರಿಕ ಮತ್ತು ಕೆನಡಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಟ್ಟಿ ಹಾಕಿದ 100 ಮಕ್ಕಳಲ್ಲಿ 72 ಮಂದಿಗೆ ಬೆಳವಣಿಗೆ ಮುಗಿಯುವವರೆಗೆ ಬಾಗು 50 ಡಿಗ್ರಿ ಮುಟ್ಟಲಿಲ್ಲ. ಹಾಕದವರಲ್ಲಿ ಹೀಗೆ ಉಳಿದವರು 48 ಮಂದಿ. 45-50 ಡಿಗ್ರಿ ದಾಟಿದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಹಾಗಂತ ಬಾಗಿದ ಬೆನ್ನಿನವರು ಮೂಲೆ ಸೇರಬೇಕಿಲ್ಲ. 2008, 2012, 2016ರ ಮೂರು ಒಲಿಂಪಿಕ್ಸ್‌ನಲ್ಲೂ 100 ಮೀಟರ್ ಓಟ ಗೆದ್ದ ಉಸೇನ್ ಬೋಲ್ಟ್‌ಗೂ ಸ್ಕೋಲಿಯೋಸಿಸ್ ಇದೆ. ಸಾಮಾನ್ಯವಾಗಿ ಮದುವೆಗೆ, ಬಸಿರಿಗೆ, ಹೆರಿಗೆಗೆ ಇದು ಅಡ್ಡಿಯಲ್ಲ. ಹೆರಿಗೆಗೆ ಮೊದಲೇ ವೈದ್ಯರಿಗೆ ತಿಳಿಸಿದರೆ ಸಾಕು.

ದೊಡ್ಡವರಿಗೆ: ದಿನದಿನದ ನೋವು

ಬೆಳವಣಿಗೆ ನಿಂತ ಮೇಲೆ ಬಾಗಿದ ಮೂಳೆಯನ್ನು ಎಣ್ಣೆ, ಮಾಲೀಶು ಯಾವುದೂ ನೇರ ಮಾಡುವುದಿಲ್ಲ. ಬೆನ್ನು ತುಳಿಸುವುದು, ಜಗ್ಗಿ ಎಳೆಸುವುದು ಅಪಾಯ. ಆದರೆ ನೋವನ್ನು ಕಡಿಮೆ ಮಾಡಿಕೊಳ್ಳಲು ದಾರಿ ಇದೆ. ಬಾಗಿದ ಬೆನ್ನಿನಲ್ಲಿ ಒಂದು ಕಡೆಯ ಸ್ನಾಯು ಸದಾ ದುಡಿದು ದಣಿಯುತ್ತದೆ. ಅದಕ್ಕೆ ಭಾರ ಕಡಿಮೆ ಮಾಡಿ, ವಿಶ್ರಾಂತಿ ಕೊಟ್ಟು, ಬಲ ತುಂಬಬೇಕು. ಇಷ್ಟೇ ಸೂತ್ರ.

* ನೀರು: ಒಂದೇ ಸೊಂಟದ ಮೇಲೆ ತುಂಬಿದ ಬಿಂದಿಗೆ ಬೇಡ. ಎರಡು ಸಣ್ಣ ಪಾತ್ರೆಯಲ್ಲಿ ಹಂಚಿ ಎರಡೂ ಕೈಯಲ್ಲಿ ತನ್ನಿ. ಮಗುವನ್ನೂ ಒಂದೇ ಕಡೆ ಎತ್ತಿಕೊಳ್ಳಬೇಡಿ.
* ಮುದ್ದೆ ತೊಳಸುವಾಗ ಪಾತ್ರೆ ಸೊಂಟಕ್ಕಿಂತ ಕೆಳಗಿರಲಿ, ಗಟ್ಟಿಯಾಗಿ ಕೂತಿರಲಿ. ಒಂದು ಕಾಲು ಮುಂದಿಟ್ಟು ನಿಲ್ಲಿ. ಮನೆಯಲ್ಲಿ ಬೆಳೆದ ಗಂಡುಮಕ್ಕಳಿದ್ದರೆ ತೊಳಸುವ ಕೋಲು ಅವರ ಕೈಗೂ ಕೊಡಿ!
* ಪೊರಕೆಗೆ ಉದ್ದ ಕೋಲು ಕಟ್ಟಿ, ಬಗ್ಗದೆ ಗುಡಿಸಿ.
* ಆಲೂಗೆಡ್ಡೆ ಆರಿಸುವುದು, ಶುಂಠಿ ಕೀಳುವುದು, ಹೊಗೆಸೊಪ್ಪು ಮುರಿಯುವುದು, ಕಳೆ ತೆಗೆಯುವುದು ಎಲ್ಲವೂ ಬಗ್ಗಿ ಮಾಡುವ ಕೆಲಸವೇ. ಅರ್ಧ ಗಂಟೆಗೊಮ್ಮೆ ಎದ್ದು ನೆಟ್ಟಗೆ ನಿಂತು ನಾಲ್ಕು ಹೆಜ್ಜೆ ನಡೆಯಿರಿ. ಕೂತು ಮಾಡುವ ಕೆಲಸಕ್ಕೆ ಸಣ್ಣ ಮಣೆ ಇರಲಿ.
* ಮಲಗುವಾಗ ಪಕ್ಕಕ್ಕೆ ತಿರುಗಿ, ಮಂಡಿಗಳ ನಡುವೆ ಮಡಿಸಿದ ದುಪ್ಪಟಿ ಇಟ್ಟುಕೊಳ್ಳಿ. ಏಳುವಾಗ ನೇರ ಏಳದೆ, ಮಗ್ಗುಲಾಗಿ ಕೈಯೂರಿ ಏಳಿ.
* ನೋವಿದ್ದಾಗ ಬಿಸಿನೀರಿನ ಚೀಲ ಅಥವಾ ಹುರಿದ ಉಪ್ಪಿನ ಗಂಟಿನಿಂದ 15-20 ನಿಮಿಷ ಶಾಖ ಕೊಡಿ. ಬಟ್ಟೆ ನಡುವೆ ಇರಲಿ, ಚರ್ಮ ಸುಡಬಾರದು.
* ದಿನವೂ ಅರ್ಧ ಗಂಟೆ ನಡಿಗೆ. ಅಂಗಾತ ಮಲಗಿ ಒಂದೊಂದೇ ಮಂಡಿಯನ್ನು ಎದೆಗೆ ತರುವುದು, ನಿಧಾನವಾಗಿ ಆಳವಾದ ಉಸಿರಾಟ. ನೋವು ಹೆಚ್ಚಾದರೆ ನಿಲ್ಲಿಸಿ. ನಿಮ್ಮ ಬಾಗಿಗೆ ತಕ್ಕ ವ್ಯಾಯಾಮವನ್ನು ಫಿಸಿಯೋಥೆರಪಿಯವರಿಂದ ಒಮ್ಮೆ ಕಲಿತು ಬನ್ನಿ.
* ರಾಗಿ, ಹಾಲು, ಸೊಪ್ಪು ಮೂಳೆಗೆ ಬಲ. ಬಾಗು ನೇರವಾಗದಿದ್ದರೂ ಮೂಳೆ ಸವೆಯುವುದನ್ನು ನಿಧಾನ ಮಾಡಲು ನೆರವಾಗುತ್ತವೆ.

ಮಾತ್ರೆ ಬಗ್ಗೆ ಎಚ್ಚರ: ಅಂಗಡಿಯಲ್ಲಿ "ನೋವಿನ ಮಾತ್ರೆ ಕೊಡಿ" ಎಂದು ಕೇಳಿ ತಿಂಗಳುಗಟ್ಟಲೆ ನುಂಗಬೇಡಿ. ಡೈಕ್ಲೋಫೆನಾಕ್‌ನಂಥ ಮಾತ್ರೆ ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ಕಿಡ್ನಿ ಕೆಡಿಸಬಹುದು. ಬಿ.ಪಿ., ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೂ ಅಪಾಯ.

ಬಸ್ಸಿನಲ್ಲಿ, ರೈಲಿನಲ್ಲಿ

ಬ್ಯಾಂಕು, ಆಸ್ಪತ್ರೆ, ತರಬೇತಿ ಎಂದು ಓಡಾಡದೆ ನಮಗೆ ಗತಿಯಿಲ್ಲ. ಅರಕಲಗೂಡಿನಿಂದ, ಹೊಳೆನರಸೀಪುರದಿಂದ ಹಾಸನಕ್ಕೆ ಬಂದು ಹೋಗುವಷ್ಟರಲ್ಲೇ ಬೆನ್ನು ಬಿದ್ದು ಹೋಗುತ್ತದೆ ಅನ್ನುವವರು ಇದನ್ನು ಮಾಡಿ ನೋಡಿ.

ಬಸ್ಸಿನ ಹಿಂದಿನ ಸೀಟು ಬೇಡವೇ ಬೇಡ. ಹಿಂದಿನ ಚಕ್ರದ ಮೇಲೆ ಮತ್ತು ಅದರಾಚೆ ಕುಲುಕಾಟ ಹೆಚ್ಚು. ಎರಡು ಚಕ್ರಗಳ ನಡುವಿನ ಸೀಟು ಒಳ್ಳೆಯದು. ಮಡಿಸಿದ ಟವೆಲ್ ಅಥವಾ ಶಾಲನ್ನು ಬೆನ್ನು ಒಳಕ್ಕೆ ಬಾಗಿರುವ, ಸೀಟಿಗೂ ಬೆನ್ನಿಗೂ ನಡುವೆ ಸಂದಿ ಇರುವ ಜಾಗಕ್ಕೆ ಒತ್ತಿಡಿ. ಉಬ್ಬಿದ ಕಡೆ ಇಡಬೇಡಿ. ಕಾಲು ನೇತಾಡುತ್ತಿದ್ದರೆ ಚೀಲವನ್ನು ಕೆಳಗಿಟ್ಟು ಅದರ ಮೇಲೆ ಪಾದ ಊರಿ. ಸಾಮಾನನ್ನು ಎರಡು ಚೀಲಕ್ಕೆ ಹಂಚಿ. ಉಚ್ಚೆಗೆ ಹೆದರಿ ನೀರು ಬಿಡಬೇಡಿ.

2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಕರ್ನಾಟಕದ ಮಹಿಳೆಯರಿಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಟಿಕೆಟಿಗೆ ದುಡ್ಡಿಲ್ಲ. ಬೆನ್ನು ನೋವಿನವರಿಗೆ ಇದರಲ್ಲಿ ಇನ್ನೊಂದು ಲಾಭವಿದೆ: ಒಂದೇ ಬಸ್ಸಿನಲ್ಲಿ ಕೊನೆಯವರೆಗೆ ಕೂರಲೇಬೇಕೆಂದಿಲ್ಲ. ಹಾಸನದಿಂದ ಬೆಂಗಳೂರಿಗೆ ಹೊರಟವರು ಚನ್ನರಾಯಪಟ್ಟಣದಲ್ಲಿ ಇಳಿದು, ಹತ್ತು ನಿಮಿಷ ಓಡಾಡಿ, ಮುಂದಿನ ಬಸ್ಸು ಹತ್ತಬಹುದು. ತುಂಬಿದ ಬಸ್ಸು ಬಿಟ್ಟು ಸೀಟಿರುವ ಬಸ್ಸಿಗೆ ಕಾಯಬಹುದು. ಗುರುತಿನ ಚೀಟಿ ಮಾತ್ರ ಜೊತೆಗಿರಲಿ.

ದೂರದ ಪ್ರಯಾಣಕ್ಕೆ ರೈಲು ವಾಸಿ. ಎದ್ದು ಓಡಾಡಬಹುದು, ಶೌಚಾಲಯವೂ ಇದೆ. ಹೊಳೆನರಸೀಪುರದವರಿಗೆ ಮೈಸೂರು–ಹಾಸನ–ಅರಸೀಕೆರೆ ದಾರಿ ಇದೆ. ಹಾಸನ, ಚನ್ನರಾಯಪಟ್ಟಣದವರಿಗೆ 2017ರಿಂದ ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ರೈಲಿದೆ. ಅರಕಲಗೂಡಿಗೆ ರೈಲಿಲ್ಲ, ಅಲ್ಲಿಯವರು ಹಾಸನಕ್ಕೋ ಹೊಳೆನರಸೀಪುರಕ್ಕೋ ಬರಬೇಕು.

ತಡಮಾಡಬಾರದ ಸೂಚನೆಗಳು

ಕಾಲು ಜೋಮು ಹಿಡಿಯುವುದು ಅಥವಾ ಬಲ ಕುಂದುವುದು, ಮಲಗಿದರೂ ಬಿಡದ ರಾತ್ರಿ ನೋವು, ಏದುಸಿರು ಕಂಡರೆ ಬೇಗ ಆಸ್ಪತ್ರೆಗೆ ಹೋಗಿ. ಮಲ ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಹೋಗಬೇಕು. ಜ್ವರ, ತೂಕ ಇಳಿಯುವುದರ ಜೊತೆ ಬೆನ್ನು ನೋವಿದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. ಕ್ಷಯಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ.

ಎಲ್ಲಿಗೆ ಹೋಗಬೇಕು?

ಮೊದಲು ತಾಲ್ಲೂಕು ಆಸ್ಪತ್ರೆ. ಅಲ್ಲಿಂದ ಹಾಸನದ ಹಿಮ್ಸ್ ಆಸ್ಪತ್ರೆಯ ಮೂಳೆ ವಿಭಾಗ. ದೊಡ್ಡ ಚಿಕಿತ್ಸೆ ಬೇಕಾದರೆ ಸಾಲಕ್ಕೆ ಕೈಚಾಚುವ ಮೊದಲು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಬಗ್ಗೆ ವಿಚಾರಿಸಿ, ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಪಡೆಯಿರಿ. ಬಾಗು ಹೆಚ್ಚಿದ್ದು ಓಡಾಟ, ಕೆಲಸಕ್ಕೆ ತೊಂದರೆ ಇದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ವೈದ್ಯರು ಅದನ್ನು ಚಲನವಲನ ವೈಕಲ್ಯವಾಗಿ ಅಳೆಯುತ್ತಾರೆ. ಶೇಕಡಾ 40 ಅಥವಾ ಹೆಚ್ಚು ಬಂದರೆ ಹಲವು ಸೌಲಭ್ಯಗಳಿಗೆ ಅರ್ಜಿ ಹಾಕಬಹುದು. ಯು.ಡಿ.ಐ.ಡಿ. ಕಾರ್ಡಿಗೆ ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ.

ಸಂಘ ಏನು ಮಾಡಬಹುದು?

ಲೂಕನ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಹದಿನೆಂಟು ವರ್ಷ ನಡು ಬಗ್ಗಿದ್ದ ಒಬ್ಬ ಹೆಂಗಸಿನ ಕಥೆ ಇದೆ. ಆಕೆ ಏನನ್ನೂ ಬೇಡಿರಲಿಲ್ಲ. ಯೇಸುಸ್ವಾಮಿಯೇ ಆಕೆಯನ್ನು ಕಂಡು, ಹತ್ತಿರ ಕರೆದರು. ನೋವನ್ನು ನುಂಗಿಕೊಂಡಿರುವವರು ತಾವಾಗಿ ಹೇಳುವುದಿಲ್ಲ, ನಾವೇ ಕಂಡು ಕರೆಯಬೇಕು. ಯಾವ ಜಾತಿ ಧರ್ಮದವರಾದರೂ ಈ ಮಾತು ನಮ್ಮೆಲ್ಲರದು.

ಹಾಗಾಗಿ ಮುಂದಿನ ಸಭೆಗೆ ಮೂರು ಕೆಲಸ:
1. ಸದಸ್ಯೆಯರ ಮನೆಯ 10ರಿಂದ 16 ವರ್ಷದ ಮಕ್ಕಳ ಬೆನ್ನನ್ನು ತಾಯಂದಿರು ನೋಡಿ ಬರುವುದು. ಅನುಮಾನ ಇದ್ದವರಿಗೆ ಆಶಾ ಕಾರ್ಯಕರ್ತೆ ಜೊತೆ ಆಸ್ಪತ್ರೆಗೆ ಹೋಗಲು ಸಂಘದಿಂದ ಒಬ್ಬರನ್ನು ಕಳಿಸುವುದು.
2. ಬೆನ್ನು ನೋವಿನ ಸದಸ್ಯೆಗೆ ಮುಯ್ಯಾಳು ಲೆಕ್ಕದಲ್ಲಿ ಭಾರದ ಕೆಲಸ ಬದಲಿಸಿಕೊಡುವುದು. ನೀವು ಅವರ ನೀರು ಹೊತ್ತರೆ ಅವರು ನಿಮ್ಮ ಹೂ ಕಟ್ಟಿಕೊಡಲಿ.
3. ಸಭೆಯಲ್ಲಿ ಅವರಿಗೆ ಒಂದು ಕುರ್ಚಿ. ಎಲ್ಲರೂ ನೆಲದ ಮೇಲೆ, ತಾನೊಬ್ಬಳು ಮೇಲೆ ಎಂಬ ಸಂಕೋಚ ಅವರಿಗೆ ಬಾರದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.